ಗೋಡೆ ಏಳುವ ಮುನ್ನವೇ ಇಂಗಾಲದ ಲೆಕ್ಕ

ಕಟ್ಟಡದ ನಕ್ಷೆ ಅಂತಿಮವಾದ ಮೇಲೆ ಅದರ ಶಕ್ತಿಬಳಕೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿಸುವುದು ಕಟ್ಟಡ ವಿನ್ಯಾಸದ ನಮ್ಮ ವೃತ್ತಿಯಲ್ಲಿ ರೂಢಿ. ಆದರೆ ಆ ಹೊತ್ತಿಗೆ ದಿಕ್ಕು, ಕಿಟಕಿಗಳ ಪ್ರಮಾಣ, ಕಂಬಗಳ ಅಂತರ ಎಲ್ಲವೂ ತೀರ್ಮಾನವಾಗಿರುವುದರಿಂದ ಆ ಲೆಕ್ಕ ಪ್ರಮಾಣಪತ್ರಕ್ಕೆ ಒದಗುತ್ತದೆಯೇ ಹೊರತು ವಿನ್ಯಾಸಕ್ಕಲ್ಲ. ನಾಲ್ಕು ಅಂತಸ್ತಿನ ಕಚೇರಿ ಕಟ್ಟಡವೊಂದರಲ್ಲಿ ನಾನು ಈ ಕ್ರಮವನ್ನು ತಿರುಗಿಸಿದೆ.

ಮೊದಲ ರೇಖಾಚಿತ್ರದ ಹಂತದಲ್ಲೇ ಬರಿಯ ಡಬ್ಬಿಯಂಥ ಮಾದರಿಯನ್ನು ಮಾಡಿ, ಸಮೀಪದ ಹವಾಮಾನ ಕೇಂದ್ರದ ಕಡತವನ್ನು, ಅಂದರೆ ವರ್ಷದ 8,760 ಗಂಟೆಗಳ ತಾಪಮಾನ, ತೇವಾಂಶ, ಗಾಳಿ, ಬಿಸಿಲುಗಳ ಅಂಕಿಗಳನ್ನು ಜೋಡಿಸಿ, ಶಕ್ತಿಬಳಕೆ ಲೆಕ್ಕಹಾಕುವ ಎನರ್ಜಿಪ್ಲಸ್ ತಂತ್ರಾಂಶದಲ್ಲಿ ಓಡಿಸಿದೆ. ದಿಕ್ಕನ್ನೂ ಕಿಟಕಿಗಳನ್ನೂ ಬದಲಿಸುತ್ತ ಹೋದಾಗ, ದುಬಾರಿ ಗಾಜು ಹಾಕುವುದಕ್ಕಿಂತ ಪಶ್ಚಿಮದ ಗಾಜನ್ನೇ ತಗ್ಗಿಸುವುದು ಹೆಚ್ಚು ಲಾಭವೆಂದು ತಿಳಿಯಿತು. ಸಂಜೆಯ ಇಳಿಬಿಸಿಲು ಅಡ್ಡಲಾಗಿ ಬರುವುದರಿಂದ ಕಿಟಕಿಯ ಮೇಲಿನ ಸಜ್ಜೆ ಅದನ್ನು ತಡೆಯದು. ಕಿಟಕಿ ಕಿರಿದಾದರೆ ಹಗಲಲ್ಲೂ ದೀಪ ಉರಿಸಬೇಕಾದೀತೆಂದು ರೇಡಿಯನ್ಸ್ ಎಂಬ ತಂತ್ರಾಂಶದಲ್ಲಿ ಬೆಳಕಿನ ಲೆಕ್ಕವನ್ನೂ ನೋಡಿದೆ. (ಇಂಥ ತಂತ್ರಾಂಶಗಳ ಬಣ್ಣದ ಚಿತ್ರಗಳು ಮಾಲೀಕರನ್ನು ಒಪ್ಪಿಸಲು ಸೊಗಸು, ನಾನು ನೋಡುವುದು ಗಂಟೆಗಂಟೆಯ ಅಂಕಿಗಳನ್ನು.)

ಇಷ್ಟಾದರೂ ಇಂಗಾಲದ ದೊಡ್ಡ ಹೊರೆ ಉಳಿದದ್ದು ಕಾಂಕ್ರೀಟಿನಲ್ಲಿ. ಸಿಮೆಂಟಿಗೆ ಬೇಕಾದ ಕ್ಲಿಂಕರ್, ಅಂದರೆ ಅರೆದು ಸಿಮೆಂಟ್ ಮಾಡುವ ಸುಟ್ಟ ಗಟ್ಟಿ, ತಯಾರಾಗುವಾಗ ಗೂಡಿನ ಇಂಧನದಿಂದಷ್ಟೇ ಅಲ್ಲ, ಬೇಯುವ ಸುಣ್ಣದ ಕಲ್ಲಿನಿಂದಲೂ ಇಂಗಾಲದ ಡೈಆಕ್ಸೈಡ್ ಹೊಮ್ಮುತ್ತದೆ. ಕಟ್ಟಡ ಬಳಕೆಗೆ ಬರುವ ಮೊದಲೇ ವಾತಾವರಣ ಸೇರಿದ ಈ ಅನಿಲವನ್ನು ಯಾವ ಸೌರಫಲಕವೂ ಹಿಂದಕ್ಕೆ ತಾರದು. ಬಿಮ್ ಮಾದರಿಯಿಂದ, ಅಂದರೆ ಕಟ್ಟಡದ ಪ್ರತಿ ಭಾಗದ ವಿವರವಿರುವ ಕಂಪ್ಯೂಟರ್ ಮಾದರಿಯಿಂದ, ಪ್ರತಿ ತೊಲೆ, ಕಂಬ, ಸ್ಲ್ಯಾಬಿನ ಪರಿಮಾಣವನ್ನು ತೆಗೆದು ಪ್ರತಿ ಘನಮೀಟರಿಗೆ ಹೊಮ್ಮುವ ಇಂಗಾಲದ ಅಂಕಿಯಿಂದ ಗುಣಿಸಿದಾಗ ಸಿಂಹಪಾಲು ಸ್ಲ್ಯಾಬುಗಳದೇ ಆಗಿತ್ತು. ಕಂಬಗಳ ಅಂತರವನ್ನು 9 ಮೀಟರಿನಿಂದ 7 ಮೀಟರಿಗೆ ಇಳಿಸಿದರೆ ಸ್ಲ್ಯಾಬ್ ತೆಳುವಾಗುತ್ತಿತ್ತು. ಕಂಬವಿಲ್ಲದ ವಿಶಾಲ ಹಜಾರ ಬೇಕೆಂದಿದ್ದ ಮಾಲೀಕರು, ಎರಡೂ ನಕ್ಷೆಗಳನ್ನು ಮೇಜು ಕುರ್ಚಿಗಳ ಸಮೇತ ಅಕ್ಕಪಕ್ಕದಲ್ಲಿ ನೋಡಿದ ಬಳಿಕ ಒಪ್ಪಿದರು. ಸಿಮೆಂಟಿನ ಒಂದು ಪಾಲಿಗೆ ಬದಲಾಗಿ ಕಬ್ಬಿಣದ ಕುಲುಮೆಯ ಸ್ಲ್ಯಾಗ್ (ಕಿಟ್ಟ) ಪುಡಿ ಬಳಸುವುದಕ್ಕೆ ಗುತ್ತಿಗೆದಾರರ ತಕರಾರಿತ್ತು, ಅದು ನ್ಯಾಯವೂ ಆಗಿತ್ತು: ಅಂಥ ಮಿಶ್ರಣ ಆರಂಭದಲ್ಲಿ ನಿಧಾನವಾಗಿ ಬಲ ಪಡೆಯುವುದರಿಂದ ಹಸಿ ಕಾಂಕ್ರೀಟನ್ನು ಹೊರುವ ಸೆಂಟ್ರಿಂಗನ್ನು ಬೇಗ ಬಿಚ್ಚಲಾಗದು. ಆದ್ದರಿಂದ ಹೆಚ್ಚಿನ ಸ್ಲ್ಯಾಗನ್ನು ಅಡಿಪಾಯಕ್ಕೆ ಮೀಸಲಿಟ್ಟೆವು. ಅಲ್ಲಿನ ಕಾಂಕ್ರೀಟಿನ ಬಲವನ್ನು 28ನೇ ದಿನದ ಬದಲು 56ನೇ ದಿನ ಪರೀಕ್ಷಿಸಬಹುದೆಂದು ಸ್ಟ್ರಕ್ಚರಲ್ ಎಂಜಿನಿಯರ್ ಬರೆದುಕೊಟ್ಟರು.

ಕಟ್ಟಡ ಬಳಕೆಗೆ ಬಂದ ಮೇಲೆ ಅಂತಸ್ತುವಾರು ಮೀಟರುಗಳ ಅಂಕಿಗಳನ್ನು ಮಾದರಿಯೊಂದಿಗೆ ಹೋಲಿಸಿದಾಗ ರಾತ್ರಿಯ ಬಳಕೆ ಅಂದಾಜಿಗಿಂತ ಮೇಲಿತ್ತು: ಕಚೇರಿ ಖಾಲಿಯಾದ ಮೇಲೂ ಹೊರಗಾಳಿಯನ್ನು ಒಳತರುವ ಫ್ಯಾನುಗಳು ತಿರುಗುತ್ತಲೇ ಇದ್ದವು. ಈಗ ಅವು ಕೋಣೆಯ ಇಂಗಾಲದ ಡೈಆಕ್ಸೈಡ್ ಪ್ರಮಾಣವನ್ನು ಅಳೆಯುವ ಸೆನ್ಸರ್‌ಗಳಿಗೆ ಅನುಗುಣವಾಗಿ ಓಡುತ್ತವೆ.