ಸೆಲ್ಫ್ ಹೊಡೆಯದ ಹಳೇ ಗಾಡಿ: ಮೋಟಾರ್ ಬಿಚ್ಚುವ ಮುನ್ನ, ಬಿಚ್ಚಿದ ಮೇಲೆ

ಬೈಕಿನ ಸೆಲ್ಫ್, ಅಂದರೆ ಬಟನ್ ಒತ್ತಿದಾಗ ಎಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟಾರ್, ಹೊಡೆಯದಿದ್ದರೆ ಬಹಳ ಜನ ಮೊದಲು ಹೊಸ ಬ್ಯಾಟರಿ ತರುತ್ತಾರೆ. ಅದಕ್ಕೂ ಗಾಡಿ ಬಗ್ಗದಿದ್ದರೆ ಇಡೀ ಮೋಟಾರನ್ನೇ ಬದಲಿಸುತ್ತಾರೆ. ಹತ್ತು ಹದಿನೈದು ವರ್ಷ ಓಡಿದ ಗಾಡಿಯಲ್ಲಿ ದೋಷ ಇರುವುದು ಹೆಚ್ಚಾಗಿ ಸವೆದ ಕಾರ್ಬನ್‌ನಲ್ಲಿ (ಮೋಟಾರಿನೊಳಗೆ ಕರೆಂಟ್ ಮುಟ್ಟಿಸುವ ಬ್ರಷ್), ತುಕ್ಕು ಹಿಡಿದ ಅರ್ತ್‌ನಲ್ಲಿ (ಎಂಜಿನ್ ಮೈಯನ್ನು ಬ್ಯಾಟರಿಯ ಮೈನಸ್‌ಗೆ ಸೇರಿಸುವ ತಂತಿ) ಅಥವಾ ಸುಟ್ಟ ರಿಲೇಯಲ್ಲಿ (ಬಟನ್ ಒತ್ತಿದಾಗ ಮೋಟಾರಿಗೆ ಕರೆಂಟ್ ಬಿಡುವ ಸ್ವಿಚ್). ಹಾಗಾಗಿ ದುಡ್ಡು ಬಿಚ್ಚುವ ಮೊದಲು ಮಲ್ಟಿಮೀಟರ್ ಹಿಡಿಯಿರಿ.

ಮೀಟರಿಗೂ ಮುಂಚೆ ಕಿವಿ ಕೊಡಿ. ಬಟನ್ ಒತ್ತಿದಾಗ ಕಟಕಟಕಟ ಎಂದರೆ ಬ್ಯಾಟರಿ ಇಳಿದಿದೆ, ಇಲ್ಲವೇ ಅದರ ಟರ್ಮಿನಲ್ ಸಡಿಲವಾಗಿದೆ. ಒಂದೇ ಸಲ ‘ಕಟ್’ ಎಂದು ಸುಮ್ಮನಾದರೆ ರಿಲೇ, ಕೇಬಲ್ ಅಥವಾ ಕಾರ್ಬನ್. ಏನೂ ಸದ್ದಿಲ್ಲದಿದ್ದರೆ ಫ್ಯೂಸ್, ಬಟನ್, ಕ್ಲಚ್ ಸ್ವಿಚ್ ನೋಡಿ. ಮೋಟಾರ್ ಝುಂಯ್ ಎಂದು ತಿರುಗಿಯೂ ಎಂಜಿನ್ ಅಲುಗದಿದ್ದರೆ, ಮೋಟಾರಿನ ತಿರುಗನ್ನು ಎಂಜಿನ್‌ಗೆ ಮುಟ್ಟಿಸುವ ಒನ್‌ವೇ ಕ್ಲಚ್ ಹೋಗಿದೆ. ಅದು ಎಂಜಿನ್ ಕವರ್ ಒಳಗಿನ ಕೆಲಸ, ಮೋಟಾರ್ ಮುಟ್ಟಬೇಡಿ.

ಹೆಡ್‌ಲೈಟ್ ನೋಡಿ ಬ್ಯಾಟರಿ ಅಳೆಯಬೇಡಿ. ಬಹಳಷ್ಟು ಹಳೇ ಗಾಡಿಗಳಲ್ಲಿ ಅದು ಉರಿಯುವುದು ಎಂಜಿನ್ ತಿರುಗಿದಾಗ ಕಾಯಿಲ್‌ನಿಂದ ಬರುವ ಕರೆಂಟಿನಲ್ಲಿ. ಮೀಟರ್ ಇಟ್ಟರೆ 12.6 ವೋಲ್ಟ್ ಮೇಲಿರಬೇಕು. ಬಟನ್ ಒತ್ತಿದಾಗ 9.6ಕ್ಕಿಂತ ಕೆಳಗೆ ಬಿದ್ದರೆ ಮೊದಲು ಚಾರ್ಜ್ ಮಾಡಿ. 9 ಎಎಚ್ (ಆಂಪಿಯರ್-ಅವರ್) ಬ್ಯಾಟರಿಗೆ 0.9 ಆಂಪಿಯರ್ ಸಾಕು. ಅವಸರಕ್ಕೆ ದೊಡ್ಡ ಚಾರ್ಜರ್ ಹಚ್ಚಿದರೆ ಪ್ಲೇಟ್ ಹಾಳು. ರಾಯಚೂರಿನ ಬೇಸಿಗೆಯಲ್ಲಿ ನೀರಿನ ಬ್ಯಾಟರಿಯ ಮಟ್ಟವನ್ನು ತಿಂಗಳಿಗೊಮ್ಮೆಯಾದರೂ ನೋಡಬೇಕು. ಹಾಕುವುದು ಡಿಸ್ಟಿಲ್ಡ್ ವಾಟರ್ ಮಾತ್ರ. ಕುಡಿಯುವ ಕ್ಯಾನ್ ನೀರು ಶುದ್ಧವಾಗಿಯೇ ಇರಬಹುದು, ಬ್ಯಾಟರಿಗೆ ಮಾತ್ರ ಅದು ವಿಷ.

ಬ್ಯಾಟರಿ ಸರಿ ಇದ್ದರೆ ಅರ್ತ್ ನೋಡಿ. ಮೀಟರಿನ ಕೆಂಪು ಕಡ್ಡಿ ಎಂಜಿನ್ ಮೈಗೆ, ಕಪ್ಪು ಕಡ್ಡಿ ಬ್ಯಾಟರಿಯ ಮೈನಸ್‌ಗೆ ಹಿಡಿದು ಬಟನ್ ಒತ್ತಿಸಿ. 0.3 ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಅರ್ತ್ ತಂತಿಯ ಎರಡೂ ತುದಿ ಬಿಚ್ಚಿ, ಪಾಲಿಶ್ ಪೇಪರಿನಲ್ಲಿ ತಿಕ್ಕಿ, ಬಿಗಿದು ಮತ್ತೆ ನೋಡಿ. ಹಾಗೇ ಬ್ಯಾಟರಿಯ ಪ್ಲಸ್‌ನಿಂದ ಮೋಟಾರಿನ ಬೋಲ್ಟ್‌ವರೆಗೆ ಅಳೆದಾಗ, ಬಟನ್ ಒತ್ತಿದ ಹೊತ್ತಿನಲ್ಲಿ 0.5 ದಾಟಿದರೆ ರಿಲೇ ಅಥವಾ ಕೇಬಲ್. ಕೆಲವರು ರಿಲೇಯ ಎರಡು ದಪ್ಪ ಬೋಲ್ಟ್‌ಗಳ ಮೇಲೆ ಸ್ಕ್ರೂಡ್ರೈವರ್ ಅಡ್ಡ ಇಟ್ಟು ಪರೀಕ್ಷಿಸುತ್ತಾರೆ. ಉತ್ತರವೇನೋ ಸಿಗುತ್ತದೆ. ಆದರೆ ಪೆಟ್ರೋಲ್ ಟ್ಯಾಂಕ್ ಪಕ್ಕದಲ್ಲೇ ಕಿಡಿ ಹಾರುತ್ತದೆ, ಗೇರ್‌ನಲ್ಲಿದ್ದರೆ ಗಾಡಿಯೂ ಮುಂದಕ್ಕೆ ಜಿಗಿಯುತ್ತದೆ.

ಇಷ್ಟಾದರೂ ಮೋಟಾರ್ ತಿರುಗದಿದ್ದರೆ ಬಿಚ್ಚಲೇಬೇಕು. ಕೆಲಸ ಕೆಡುವುದು ಇಲ್ಲಿಯೇ.

ಮೊದಲು ಬ್ಯಾಟರಿಯ ಮೈನಸ್ ತೆಗೆಯಿರಿ, ನಂತರ ಮೋಟಾರಿನ ಕೇಬಲ್, ಆಮೇಲೆ ಎರಡು ಬೋಲ್ಟ್. ಮೋಟಾರನ್ನು ಕೈಯಿಂದ ಆಚೀಚೆ ಅಲುಗಿಸುತ್ತ ಎಳೆಯಿರಿ, ಸುತ್ತಿಗೆ ಬೇಡ. ಒಳಗಿನ ಅಯಸ್ಕಾಂತ ಗಾಜಿನಂತೆ ಬಿರಿಯುತ್ತದೆ, ಬಿರಿದರೆ ಹೊಸ ಮೋಟಾರೇ ಗತಿ. ಮೈ ಮತ್ತು ಎರಡೂ ಮುಚ್ಚಳಗಳ ಮೇಲೆ ಮಾರ್ಕರಿನಿಂದ ಒಂದೇ ಗೆರೆ ಎಳೆದ ಮೇಲಷ್ಟೇ ಉದ್ದದ ಸ್ಕ್ರೂ ತೆಗೆಯಬೇಕು. ಮೋಟಾರಿನೊಳಗೆ ತಿರುಗುವ, ತಂತಿ ಸುತ್ತಿದ ಭಾಗವೇ ಆರ್ಮೇಚರ್. ಅದರ ಎರಡೂ ತುದಿಯಲ್ಲಿ ತೆಳು ವಾಶರ್‌ಗಳಿರುತ್ತವೆ. ಯಾವ ಕಡೆ ಎಷ್ಟು, ಯಾವುದರ ಮೇಲೆ ಯಾವುದು ಎಂದು ಮೊಬೈಲಿನಲ್ಲಿ ಫೋಟೊ ಹೊಡೆದಿಟ್ಟುಕೊಳ್ಳಿ. ಅದಲುಬದಲಾದರೆ ಮೋಟಾರ್ ಬಿಗಿಯುತ್ತದೆ, ಇಲ್ಲವೇ ಕಾರ್ಬನ್ ಓರೆಯಾಗಿ ಸವೆಯುತ್ತದೆ.

ಒಳಗೆ ಕಾಣುವ ಕರಿ ಪುಡಿ ಕಾರ್ಬನ್‌ನದೇ. ಕೊಪ್ಪಳದ ಗಿಣಿಗೇರಾ ಕಡೆಯ ಸ್ಪಾಂಜ್ ಐರನ್ ಕಾರ್ಖಾನೆಗಳ ದೂಳಿನಲ್ಲಿ ಓಡಾಡುವ ಗಾಡಿಯಲ್ಲಿ ಓ-ರಿಂಗ್ (ರಬ್ಬರ್ ಬಳೆ) ಗಟ್ಟಿಯಾಗಿದ್ದರೆ ಕಬ್ಬಿಣದ ಪುಡಿಯೂ ಅಯಸ್ಕಾಂತಕ್ಕೆ ಮೆತ್ತಿಕೊಂಡಿರುತ್ತದೆ; ಅದನ್ನು ಅಂಟು ಟೇಪಿನಿಂದ ಎತ್ತಿ ತೆಗೆಯಿರಿ. ಪೆಟ್ರೋಲಿನಲ್ಲಿ ಮುಳುಗಿಸಿ ತೊಳೆಯಲೇಬಾರದು. ಒಣ ಬ್ರಷ್, ಒಣ ಬಟ್ಟೆ ಸಾಕು. ಎಂಜಿನ್ ಆಯಿಲ್ ಒಳಗೆ ಬಂದಿದ್ದರೆ ಮುಂದಿನ ಮುಚ್ಚಳದ ಆಯಿಲ್ ಸೀಲ್ ಹೋಗಿದೆ. ಅದನ್ನು ಬಿಟ್ಟು ಬರೀ ಕಾರ್ಬನ್ ಹಾಕಿದರೆ ಮತ್ತೆ ಅದೇ ಪಾಡು.

ಕಾರ್ಬನ್ ಹೊಸದರ ಅರ್ಧಕ್ಕೆ ಇಳಿದಿದ್ದರೆ ಬದಲಿಸಿ. ಒಂದೇ ಒಂದನ್ನಲ್ಲ, ಜೊತೆಯಾಗಿ, ಸ್ಪ್ರಿಂಗ್ ಸಮೇತ. ಮಿಕ್ಸರ್ ರಿಪೇರಿ ಅಂಗಡಿಯ ಕಾರ್ಬನ್ ಉಜ್ಜಿ ಕೂರಿಸುವ ಜುಗಾಡು ಬೇಡ. ಮಿಕ್ಸರ್ ಓಡುವುದು 230 ವೋಲ್ಟ್‌ನಲ್ಲಿ, ಕಡಿಮೆ ಆಂಪಿಯರ್‌ನಲ್ಲಿ. ಇಲ್ಲಿ 12 ವೋಲ್ಟ್‌ನಲ್ಲಿ ಹತ್ತಾರು ಆಂಪಿಯರ್ ಹರಿಯಬೇಕು, ಅದಕ್ಕೆ ತಾಮ್ರ ಬೆರೆತ ಕಾರ್ಬನ್ನೇ ಬೇಕು.

ಕಾರ್ಬನ್ ಉಜ್ಜುವ ತಾಮ್ರದ ಪಟ್ಟಿಗಳ ಭಾಗವೇ ಕಮ್ಯುಟೇಟರ್. ಅದು ಕಪ್ಪಾಗಿದ್ದರೆ 600 ನಂಬರಿನ ಪಾಲಿಶ್ ಪೇಪರಿನ ಪಟ್ಟಿ ಸುತ್ತಿ ತಿರುಗಿಸಿ. ಎಮರಿ ಬಟ್ಟೆ ಬಳಸಬೇಡಿ, ಅದರ ಕಣ ತಾಮ್ರದಲ್ಲಿ ನಾಟಿ ಹೊಸ ಕಾರ್ಬನ್ ತಿನ್ನುತ್ತದೆ. ಪಟ್ಟಿಗಳ ನಡುವಿನ ಗೆರೆ ತುಂಬಿದ್ದರೆ ತೆಳು ಮಾಡಿದ ಆಕ್ಸಾ ಬ್ಲೇಡಿನ ತುಂಡಿನಿಂದ ಅರ್ಧ ಮಿ.ಮೀ. ಆಳಕ್ಕೆ ಕೆರೆಯಿರಿ. ಮೀಟರ್‌ನ ಬೀಪ್ (ಕರೆಂಟಿಗೆ ದಾರಿ ಇದ್ದರೆ ಸದ್ದು ಮಾಡುವ ಸೆಟ್ಟಿಂಗ್) ಇಟ್ಟು ನೋಡಿ: ಪಟ್ಟಿಯಿಂದ ಪಟ್ಟಿಗೆ ಸದ್ದು ಬರಬೇಕು, ಪಟ್ಟಿಯಿಂದ ಶಾಫ್ಟ್‌ಗೆ ಬರಬಾರದು. ಬಂದರೆ ಆರ್ಮೇಚರ್ ಸುಟ್ಟಿದೆ, ಮುಂದಿನ ಶ್ರಮ ವ್ಯರ್ಥ.

ಹೊರಗಿನ ಟರ್ಮಿನಲ್ ಬೋಲ್ಟ್ ಕೂರಿಸುವಾಗ ಕ್ರಮ ತಪ್ಪಬಾರದು. ಒಳಗೆ ಪ್ಲಾಸ್ಟಿಕ್ ತುಂಡು, ಹೊರಗೆ ಓ-ರಿಂಗ್, ಅದರ ಮೇಲೆ ಫೈಬರ್ ವಾಶರ್‌ಗಳು, ಎಲ್ಲಕ್ಕಿಂತ ಮೇಲೆ ಕಬ್ಬಿಣದ ವಾಶರ್, ನಟ್. ಕಬ್ಬಿಣದ್ದು ಮೊದಲು ಹೋದರೆ ಪ್ಲಸ್ ನೇರ ಮೈಗೆ ತಾಗಿ, ಬಟನ್ ಒತ್ತಿದೊಡನೆ ಕೇಬಲ್ ಹೊಗೆಯಾಡುತ್ತದೆ. ಆರ್ಮೇಚರ್ ಹೊರಗಿರುವಾಗಲೇ ಬೋಲ್ಟ್‌ನಿಂದ ಮೈಗೆ ಬೀಪ್ ಬರುತ್ತದೆಯೇ ನೋಡಿ, ಬರಬಾರದು. ಆರ್ಮೇಚರ್ ಹಾಕಿದ ಮೇಲೆ ಅದರ ಮೂಲಕವೇ ಬೀಪ್ ಬರುತ್ತದೆ, ಅದನ್ನು ಕಂಡು ಗಾಬರಿಯಾಗಿ ಒಳ್ಳೆಯ ಮೋಟಾರನ್ನೇ ಎಸೆದವರಿದ್ದಾರೆ.

ಜೋಡಿಸುವಾಗ ಕಾರ್ಬನ್ ಹಿಂದಕ್ಕೆ ನಿಲ್ಲುವುದಿಲ್ಲ. ಸ್ಪ್ರಿಂಗ್ ತುದಿಯನ್ನು ಕಾರ್ಬನ್‌ನ ಬೆನ್ನಿನಿಂದ ಎತ್ತಿ ಅದರ ಪಕ್ಕಕ್ಕೆ ಒತ್ತಿ ಕೂರಿಸಿದರೆ ಕಾರ್ಬನ್ ಹಿಡಿದು ನಿಲ್ಲುತ್ತದೆ. ಕಮ್ಯುಟೇಟರ್ ಒಳಗೆ ಹೋದ ಮೇಲೆ ಸ್ಪ್ರಿಂಗನ್ನು ಮತ್ತೆ ಬೆನ್ನ ಮೇಲೆ ಸರಿಸಿ. ನಂತರ ಮೈ ಏರಿಸುವಾಗ ಅಯಸ್ಕಾಂತ ಆರ್ಮೇಚರನ್ನು ಸರಕ್ಕನೆ ಎಳೆದುಕೊಳ್ಳುತ್ತದೆ, ಕಾರ್ಬನ್ ಜಾರಿ ಮುರಿಯುವುದು ಆ ಕ್ಷಣದಲ್ಲಿ. ಶಾಫ್ಟನ್ನು ಗಟ್ಟಿಯಾಗಿ ಹಿಡಿದು ನಿಧಾನಕ್ಕೆ ಬಿಡಿ. ಶಾಫ್ಟ್ ಕೂತು ತಿರುಗುವ ಬುಷ್‌ಗೆ ಬೆರಳ ತುದಿಯಷ್ಟು ಗ್ರೀಸ್ ಮಾತ್ರ.

ಗಾಡಿಗೆ ಏರಿಸುವ ಮೊದಲು ಮೋಟಾರನ್ನು ಕಾಲಡಿ ಒತ್ತಿ ಹಿಡಿದು ಬ್ಯಾಟರಿಯಿಂದ ಎರಡು ಸೆಕೆಂಡ್ ಕರೆಂಟ್ ಕೊಡಿ. ಕೈಯಲ್ಲಿ ಹಿಡಿದರೆ ಜಾಡಿಸಿ ಹಾರುತ್ತದೆ. ಮೂತಿಯ ಓ-ರಿಂಗ್ ಹೊಸದಾಗಿರಲಿ, ಎಂಜಿನ್ ಆಯಿಲ್ ಸವರಿ ತೂರಿಸಿ. ಚೆಂದಕ್ಕೆಂದು ಮೋಟಾರಿಗೆ ಬಣ್ಣ ಹೊಡೆಸಿದ್ದರೆ ಬೋಲ್ಟ್ ಕೂರುವ ಕಿವಿಗಳ ಬಣ್ಣ ಕೆರೆದು ಬಿಡಿ. ಮೋಟಾರಿನ ಅರ್ತ್ ಸಿಗುವುದು ಅಲ್ಲಿಂದಲೇ.

ಬಟನ್ ಒಂದು ಸಲಕ್ಕೆ ಐದು ಸೆಕೆಂಡ್ ಮೀರಿ ಒತ್ತಬೇಡಿ. ಗಾಡಿ ಎದ್ದ ಮೇಲೆ ಸ್ವಲ್ಪ ರೇಸ್ ಕೊಟ್ಟು ಬ್ಯಾಟರಿ ಮೇಲೆ ಮೀಟರ್ ಇಡಿ: 13.5ರಿಂದ 14.5 ವೋಲ್ಟ್ ಇದ್ದರೆ ಸರಿ. 13 ದಾಟದಿದ್ದರೆ ಚಾರ್ಜಿಂಗ್ ಇಲ್ಲ. 15 ದಾಟಿದರೆ ಚಾರ್ಜಿಂಗ್ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಕೆಟ್ಟು ಬ್ಯಾಟರಿಯ ನೀರು ಕುದಿಸುತ್ತಿದೆ, ಅದನ್ನು ಅಂದೇ ಬದಲಿಸಿ.