ಡೇರ್, ಡೀ, ಡಾಸ್ ತಲೇಲಿ ನಿಲ್ಲಬೇಕಾ? ಫ್ಲ್ಯಾಶ್‌ಕಾರ್ಡ್ ಹೀಗೆ ಮಾಡ್ಕೊಳ್ಳಿ

ಜರ್ಮನ್‌ನಲ್ಲಿ ಚಮಚ ಗಂಡು, ಫೋರ್ಕ್ ಹೆಣ್ಣು, ಚಾಕು ಎರಡೂ ಅಲ್ಲ. ಡೇರ್ ಲೋಫೆಲ್, ಡೀ ಗಾಬೆಲ್, ಡಾಸ್ ಮೆಸ್ಸರ್. ಹುಡುಗಿ ಅನ್ನೋ ಪದಾನೂ ನಪುಂಸಕ, ಮೇಡ್‌ಷೆನ್, ಅದಕ್ಕಾದ್ರೆ ಕೊನೇಲಿರೋ ‘ಷೆನ್’ ಕಾರಣ ಅಂತ ಟೀಚರ್ ಹೇಳ್ತಾರೆ, ಚಮಚಕ್ಕೆ ಆ ಸಮಾಧಾನಾನೂ ಇಲ್ಲ, ಸುಮ್ನೆ ನೆನಪಿಟ್ಕೋಬೇಕು ಅಷ್ಟೇ. ಕನ್ನಡದೋರಿಗೆ ಇದು ಸ್ವಲ್ಪ ಜಾಸ್ತಿನೇ ತಲೆಬಿಸಿ, ಯಾಕಂದ್ರೆ ನಮಗೆ ಮೇಜು ಕುರ್ಚಿ ಬಸ್ಸು ಎಲ್ಲಾ ‘ಅದು’, ವಿಷಯ ಮುಗೀತು.

ನಾನು ಜರ್ಮನ್ ಶುರು ಮಾಡಿದಾಗ 36 ವರ್ಷ, ಆಫೀಸಲ್ಲಿ ಸ್ಟುಟ್‌ಗಾರ್ಟ್ ಪ್ರಾಜೆಕ್ಟ್ ಅಂತ ಏನೋ ಮಾತು ಎದ್ದಿತ್ತು. ಫ್ಲ್ಯಾಶ್‌ಕಾರ್ಡ್, ಅಂದ್ರೆ ಮುಂದೆ ಪ್ರಶ್ನೆ ಹಿಂದೆ ಉತ್ತರ ಇರೋ ಕಾರ್ಡು, ಅದನ್ನ ತೋರಿಸೋ ಆಪ್ ಒಂದಕ್ಕೆ ಯಾರೋ ಪುಣ್ಯಾತ್ಮರು ಮಾಡಿಟ್ಟ 4000 ಪದದ ಡೆಕ್, ಅಂದ್ರೆ ಕಾರ್ಡಿನ ಕಟ್ಟು, ಒಂದನ್ನ ಇಳಿಸ್ಕೊಂಡು ದಿನಕ್ಕೆ 30 ಹೊಸ ಕಾರ್ಡು ಅಂತ ಹಾಕ್ಕೊಂಡೆ. ಮೂರು ವಾರ ಭಾರೀ ಹುಮ್ಮಸ್ಸು. ಆಮೇಲೆ ತಮ್ಮನ ಮದುವೆಗೆ ಅಂತ ಊರಿಗೆ ಹೋಗಿ ವಾರ ಬಿಟ್ಟು ಬಂದು ನೋಡಿದ್ರೆ ಬಾಕಿ 480 ಕಾರ್ಡು, ಆಪ್ ತೆಗೀದೇ ಇರೋಕೆ ದಿನಕ್ಕೊಂದು ನೆಪ ಹುಡುಕ್ತಾ ಕೊನೆಗೆ ಡಿಲೀಟೇ ಮಾಡ್ದೆ. ನಾಲ್ಕು ತಿಂಗಳಾದ್ಮೇಲೆ ಎರಡನೇ ಸಲ ಶುರು ಮಾಡಿದಾಗ ಒಂದೇ ಒಂದು ಬದಲಾವಣೆ ಮಾಡ್ಕೊಂಡೆ, ಪ್ರತಿಯೊಂದು ಕಾರ್ಡನ್ನೂ ನಾನೇ ಬರೆದೆ. ಅದೇ ಈ ಲೇಖನದ ಬಂಡವಾಳ.

ಇದು ಕೆಲಸ ಮಾಡೋದು ಹೇಗೆ

ಹರ್ಮನ್ ಎಬಿಂಗ್‌ಹೌಸ್ ಅಂತ ಒಬ್ಬ ಜರ್ಮನ್ ಮನಶ್ಶಾಸ್ತ್ರಜ್ಞ, ಅರ್ಥವೇ ಇಲ್ಲದ ಅಕ್ಷರಗುಂಪುಗಳನ್ನ ಸಾಲುಸಾಲಾಗಿ ತಾನೇ ಉರುಹೊಡೆದು, ಎಷ್ಟು ಹೊತ್ತಿಗೆ ಎಷ್ಟು ಮರೀತು ಅಂತ ಲೆಕ್ಕ ಇಟ್ಟು 1885ರಲ್ಲಿ ಪುಸ್ತಕ ಮಾಡಿದ. ಒಂದೇ ದಿನ ಕೂತು 68 ಸಲ ಓದಿದ್ರೆ ಸಿಗೋ ಫಲ ಮೂರು ದಿನಕ್ಕೆ ಹಂಚ್ಕೊಂಡು 38 ಸಲ ಓದಿದ್ರೇ ಸಿಕ್ಕಿತ್ತು ಅವನಿಗೆ. ನಾವು ಮಗ್ಗಿ ಕಲಿತಿದ್ದೂ ಹಾಗೇ ಅಲ್ವಾ, ಒಂದೇ ರಾತ್ರೀಲಿ ಯಾರಿಗೂ ಬರಲಿಲ್ಲ, ದಿನಾ ಸಂಜೆ ದೀಪ ಹಚ್ಚಿದ ಮೇಲೆ ಒಂದು ಸಲ. ಆದ್ರೆ ಮಗ್ಗೀಲಿ ಎರಡರದ್ದನ್ನೂ ಹದಿನೇಳರದ್ದನ್ನೂ ಒಂದೇ ಸಮ ಹೇಳಿಸ್ತಿದ್ರು, ಬರೋದಕ್ಕೆ ವೇಸ್ಟು, ಬರದೇ ಇರೋದಕ್ಕೆ ಸಾಲದು. ಫ್ಲ್ಯಾಶ್‌ಕಾರ್ಡ್ ಆಪಲ್ಲಿ ಹಾಗಲ್ಲ, ಗೊತ್ತಿರೋ ಪದ ದೂರ ದೂರ ಹೋಗುತ್ತೆ, ನಾಳೆ, ಆಮೇಲೆ ಮೂರು ದಿನಕ್ಕೆ, ವಾರಕ್ಕೆ, ತಿಂಗಳಿಗೆ, ಮರೆತ ಪದ ಮಾತ್ರ ಮತ್ತೆ ಹತ್ತಿರ ಬರುತ್ತೆ. ಇನ್ನೇನು ಮರೆತೇ ಹೋಯ್ತು ಅನ್ನೋ ಹೊತ್ತಿಗೆ ಕಷ್ಟಪಟ್ಟು ನೆನಪಿಸ್ಕೊಂಡ್ರೆ ಗಟ್ಟಿಯಾಗೋದು.

ಲೆಕ್ಕ ಇಡೋ ಕೆಲಸ ಕಂಪ್ಯೂಟರಿಗೆ ಕೊಟ್ಟಿದ್ದು ಪೋಲೆಂಡಿನ ಪಿಯೋಟರ್ ವೋಜ್ನಿಯಾಕ್, 1987ರಲ್ಲಿ. ಈಗ ಎಲ್ಲರೂ ಬಳಸೋ ಆಂಕಿ 2006ರದ್ದು, ಡೇಮಿಯನ್ ಎಲ್ಮ್ಸ್ ಬರೆದಿದ್ದು, ಆಂಕಿ ಅಂದ್ರೆ ಜಪಾನೀಸಲ್ಲಿ ಬಾಯಿಪಾಠ. ಕಂಪ್ಯೂಟರ್‌ಗೂ ಆಂಡ್ರಾಯ್ಡ್‌ಗೂ ಫ್ರೀ, ಐಫೋನ್‌ಗೆ ಮಾತ್ರ ದುಡ್ಡು ಕೊಡಬೇಕು. ಅದೇ ಥರ ಹೆಸರಿಟ್ಕೊಂಡು ತಿಂಗಳ ಚಂದಾ ಕೇಳೋ ಬೇರೆ ಆಪ್‌ಗಳೂ ಇವೆ, ಸರಿಯಾಗಿ ನೋಡಿ ಇಳಿಸ್ಕೊಳ್ಳಿ.

ಹೆಜ್ಜೆ 1: ಪದ ಎಲ್ಲಿಂದ ತರೋದು

ನಿನ್ನೆ ಕ್ಲಾಸಲ್ಲಿ ಬಂದ ಪದ, ಅಷ್ಟೇ. ಪರೀಕ್ಷೆ ಬರೆಯೋರು ಗ್ಯೋಥೆ ಇನ್‌ಸ್ಟಿಟ್ಯೂಟ್, ಅಂದ್ರೆ ನಮ್ಮಲ್ಲಿ ಮ್ಯಾಕ್ಸ್ ಮುಲ್ಲರ್ ಭವನ ಅಂತಾರಲ್ಲ, ಅವರ ವೆಬ್‌ಸೈಟಲ್ಲಿರೋ ಪದಪಟ್ಟಿ ಜೊತೆಗಿಟ್ಕೊಳ್ಳಿ, ಫ್ರೀನೇ. ಎ1, ಎ2, ಬಿ1, ಬಿ2 ಅಂತ ಮೆಟ್ಟಿಲು ಮೆಟ್ಟಿಲಾಗಿ ಪರೀಕ್ಷೆ, ಎ1 ಎಲ್ಲಕ್ಕಿಂತ ಕೆಳಗಿನದು. ಎ1ಗೆ ಸುಮಾರು 650 ಪದ, ಎ2ಗೆ 1300, ಬಿ1ಗೆ 2400. ದಿನಕ್ಕೆ ಹತ್ತೇ ಹತ್ತು ಹಾಕಿದ್ರೂ ಎರಡು ತಿಂಗಳು ದಾಟಿ ನಾಲ್ಕೈದು ದಿನಕ್ಕೆ ಎ1 ಮುಗಿಯುತ್ತೆ, ಎಂಟು ತಿಂಗಳಿಗೆ ಬಿ1. ಆಂಕಿ ತಾನಾಗೇ ದಿನಕ್ಕೆ 20 ಹೊಸದು ಅಂತ ಇಟ್ಟಿರುತ್ತೆ, ಅದನ್ನ ಮೊದಲ ದಿನವೇ 10ಕ್ಕೆ ಇಳಿಸಿ.

ಹೆಜ್ಜೆ 2: ಕಾರ್ಡ್ ಬರೆಯೋದು

ಎಲ್ಲಾ ಇರೋದು ಇಲ್ಲೇ. ಒಂದು ಕಡೆ ಇಂಗ್ಲಿಷ್ ಪದ ಇನ್ನೊಂದು ಕಡೆ ಜರ್ಮನ್ ಪದ ಅಂತ ಎಲ್ಲರೂ ಮಾಡ್ತಾರೆ, ನಾನೂ ಮಾಡ್ದೆ, ಆಮೇಲೆ ಒಂದಿನ ಕ್ಲಾಸಲ್ಲಿ ಎಸಿ ಜಾಸ್ತಿಯಾಗಿ ಚಳಿ ಆಗ್ತಿದೆ ಅಂತ ಹೇಳೋಕೆ ಹೋಗಿ ‘ಇಷ್ ಬಿನ್ ಕಾಲ್ಟ್’ ಅಂದೆ. ಟೀಚರ್ ನಕ್ಕರು. ನನಗೆ ಭಾವನೆನೇ ಇಲ್ಲ, ಕಲ್ಲು ಮನಸ್ಸು ಅನ್ನೋ ಥರ ಕೇಳುತ್ತಂತೆ ಅದು. ಜರ್ಮನ್‌ನೋರು ಅನ್ನೋದು ‘ಮಿಯರ್ ಇಸ್ಟ್ ಕಾಲ್ಟ್’. ಮಿಯರ್ ಅಂದ್ರೆ ನನಗೆ. ನನಗೆ ಚಳಿ! ಇದು ಕನ್ನಡನೇ ಅಲ್ವಾ ಸ್ವಾಮಿ, ನಾನು ಯಾಕೆ ಸುತ್ತಿ ಬಳಸಿ ಇಂಗ್ಲಿಷ್ ಮನೆ ಮುಂದೆ ಹಾದು ಹೋಗ್ತಿದ್ದೆ? ತಲೆನೋವೂ ಅಷ್ಟೇ, ‘ಮಿಯರ್ ಟೂಟ್ ಡೇರ್ ಕೋಪ್ಫ್ ವೇ’, ನನಗೆ ತಲೆ ನೋಯ್ತಿದೆ. ಇಷ್ಟ ಆಯ್ತು ಅನ್ನೋಕೂ ‘ನನಗೆ’ನೇ. ನೀನು-ನೀವು ವ್ಯತ್ಯಾಸಾನೂ ಇದೆ, ಡೂ ಮತ್ತೆ ಝೀ, ಇಂಗ್ಲಿಷ್‌ನ ಒಂದೇ ‘ಯೂ’ ಅದನ್ನ ನುಂಗಿಹಾಕುತ್ತೆ. ಅವತ್ತಿಂದ ನನ್ನ ಕಾರ್ಡಿನ ಮುಂದಿನ ಭಾಗ ಕನ್ನಡದಲ್ಲೇ, ಅದೂ ಮನೇಲಿ ಮಾತಾಡೋ ಕನ್ನಡದಲ್ಲಿ.

ಒಂದು ಕಾರ್ಡ್ ತೋರಿಸ್ತೀನಿ ನೋಡಿ. ಮುಂದೆ: ‘ನನಗೊಂದು ಚಮಚ ಬೇಕು’, ಪಕ್ಕದಲ್ಲಿ ಚಮಚದ ಫೋಟೋ, ನಮ್ಮನೆ ಉಪ್ಪಿನಕಾಯಿ ಭರಣೀಲಿರೋ ಚಮಚದ್ದೇ ಫೋಟೋ. ಹಿಂದೆ: ‘ಇಷ್ ಬ್ರೌಖೆ ಐನೆನ್ ಲೋಫೆಲ್’, ಅದರ ಕೆಳಗೆ ನೀಲಿ ಬಣ್ಣದಲ್ಲಿ ಡೇರ್ ಲೋಫೆಲ್, ಅದರ ಬಹುವಚನ, ಒಂದು ಆಡಿಯೋ. ಡೇರ್‌ಗೆ ನೀಲಿ, ಡೀಗೆ ಕೆಂಪು, ಡಾಸ್‌ಗೆ ಹಸಿರು, ಯಾವತ್ತೂ ಬದಲಾಯಿಸಬೇಡಿ. ಡೇರ್ ಇಲ್ಲದೆ ಬರೀ ಲೋಫೆಲ್ ಅಂತ ಬರ್ಕೊಂಡ್ರೆ ಆರು ತಿಂಗಳಾದ್ಮೇಲೆ ಮತ್ತೆ ಮೊದಲಿಂದ ಕಲೀಬೇಕಾಗುತ್ತೆ.

ಇನ್ನೊಂದು ಮಾತು, ಇಲ್ಲಿ ಓದೋಕೆ ಸುಲಭ ಆಗ್ಲಿ ಅಂತ ನಾನು ಕನ್ನಡ ಲಿಪೀಲಿ ಬರೀತಿದೀನಿ, ಕಾರ್ಡಲ್ಲಿ ಹಾಗೆ ಮಾಡಬೇಡಿ, ಜರ್ಮನ್ ಅಕ್ಷರದಲ್ಲೇ ಬರೀರಿ. ಲೋಫೆಲ್‌ನಲ್ಲಿರೋದು ನಮ್ಮ ‘ಓ’ ಅಲ್ಲ, ತುಟಿ ‘ಓ’ ಅನ್ನೋ ಹಾಗೆ ದುಂಡಗೆ ಇಟ್ಕೊಂಡು ಬಾಯೊಳಗೆ ‘ಎ’ ಅನ್ನಬೇಕು. ಎರಡು ಚುಕ್ಕಿ ಇಟ್ಟ ‘ಯು’ ಬಂದ್ರೆ ತುಟಿ ‘ಊ’ಗೆ, ನಾಲಿಗೆ ‘ಈ’ಗೆ. ಕನ್ನಡಿ ಮುಂದೆ ನಿಂತು ಮಾಡಿ, ಮನೆಯವರು ನಗ್ತಾರೆ, ನಗಲಿ.

ಒಂದು ಕಾರ್ಡಿಗೆ ಒಂದೇ ವಿಷಯ. ಒಂದು ಪದಕ್ಕೆ ಆರು ಅರ್ಥ ಇದ್ರೆ ಇವತ್ತು ಪಾಠದಲ್ಲಿ ಬಂದ ಅರ್ಥ ಮಾತ್ರ, ಉಳಿದಿದ್ದು ಎದುರಾದಾಗ ನೋಡ್ಕೊಳ್ಳೋಣ. ನೋಡೋಕೆ ಇಂಗ್ಲಿಷ್ ಥರಾನೇ ಇರೋ ಪದದ ಬಗ್ಗೆ ಹುಷಾರು, ‘ಗಿಫ್ಟ್’ ಅಂದ್ರೆ ಅಲ್ಲಿ ವಿಷ.

ಹೆಜ್ಜೆ 3: ದಿನದ ಲೆಕ್ಕ

ಬಾಕಿ ಇರೋದು ಮೊದಲು, ಹೊಸದು ಆಮೇಲೆ. ಹೊತ್ತು ಗೊತ್ತು ಮಾಡ್ಕೊಳ್ಳಿ, ನಂದು ಮೆಟ್ರೋದಲ್ಲಿ ಇಪ್ಪತ್ತು ನಿಮಿಷ. ಕಾರ್ಡ್ ಬಂದ ತಕ್ಷಣ ತಿರುಗಿಸಬೇಡಿ, ಬಾಯಲ್ಲಿ ಉತ್ತರ ಅಂದು, ಮೆಟ್ರೋ ಆದ್ರೆ ಮನಸ್ಸಲ್ಲಾದ್ರೂ ಅಂದು, ಆಮೇಲೆ ನೋಡಿ. ತಿರುಗಿಸಿ ನೋಡಿ ‘ಆ, ಇದು ಗೊತ್ತಿತ್ತು’ ಅನ್ನೋದು ನಮಗೆ ನಾವೇ ಟೋಪಿ ಹಾಕ್ಕೊಳ್ಳೋದು.

ಕೆಳಗೆ ನಾಲ್ಕು ಬಟನ್ ಇರುತ್ತೆ, ಅಗೇನ್, ಹಾರ್ಡ್, ಗುಡ್, ಈಝಿ. ಎಲ್ಲರೂ ಎಡವೋದು ಹಾರ್ಡ್ ಹತ್ರ. ಪದ ನೆನಪಾಗಲಿಲ್ಲ, ಅಗೇನ್ ಒತ್ತೋಕೆ ಮನಸ್ಸು ಬರಲ್ಲ, ಮರ್ಯಾದೆ ಉಳೀಲಿ ಅಂತ ಹಾರ್ಡ್ ಒತ್ತುತೀವಿ. ಆದ್ರೆ ಹಾರ್ಡ್ ಅಂದ್ರೆ ತಿಣುಕಾಡಿ ಆದ್ರೂ ನೆನಪಾಯ್ತು ಅಂತ ಅರ್ಥ, ಆಂಕಿ ಅದನ್ನ ನಂಬಿ ಆ ಕಾರ್ಡನ್ನ ಇನ್ನೂ ದೂರ ಕಳಿಸುತ್ತೆ. ಲೋಫೆಲ್ ನೆನಪಾಗಿ ಡೇರ್ ತಪ್ಪಿದ್ರೂ ಅಗೇನೇ. ಸೆಟಿಂಗ್ಸ್ ವಿಷಯಕ್ಕೆ ತಲೆ ಕೆಡಿಸ್ಕೋಬೇಡಿ, ಡೆಕ್ ಆಪ್ಷನ್ಸ್‌ನಲ್ಲಿ ಎಫ್‌ಎಸ್‌ಆರ್‌ಎಸ್ ಅನ್ನೋ ಸ್ವಿಚ್ ಇದೆ, ಯಾವ ಕಾರ್ಡು ಯಾವಾಗ ಬರಬೇಕು ಅಂತ ಲೆಕ್ಕ ಹಾಕೋ ಹೊಸ ವಿಧಾನ ಅದು, 2023ರಲ್ಲಿ ಸೇರಿಸಿದ್ದು, ಆನ್ ಮಾಡಿ ಬಿಟ್ಬಿಡಿ.

ಫೋನ್ ಕೈಗೆತ್ತಿದ್ರೆ ಇನ್ನೆಲ್ಲೋ ಹೋಗ್ತೀನಿ ಅನ್ನೋರಿಗೆ ಶೂ ಡಬ್ಬ ಸಾಕು. ಹಳೇ ಲಗ್ನಪತ್ರಿಕೆ ಕತ್ತರಿಸಿ, ಖಾಲಿ ಇರೋ ಕಡೆ ಬರೀರಿ, ಡಬ್ಬದಲ್ಲಿ ಐದು ಖಾನೆ ಮಾಡಿ. ಒಂದನೇದು ದಿನಾ, ಎರಡನೇದು ಮೂರು ದಿನಕ್ಕೆ, ಮೂರನೇದು ವಾರಕ್ಕೆ, ಹೀಗೆ. ಸರಿ ಹೇಳಿದ್ರೆ ಮುಂದಿನ ಖಾನೆ, ತಪ್ಪಿದ್ರೆ ಸೀದಾ ಒಂದಕ್ಕೆ ವಾಪಸ್. ಸೆಬಾಸ್ಟಿಯನ್ ಲೈಟ್ನರ್ ಅನ್ನೋ ಪತ್ರಕರ್ತ 1970ರ ದಶಕದಲ್ಲಿ ಈ ಡಬ್ಬವನ್ನ ಜನಕ್ಕೆ ಪರಿಚಯ ಮಾಡಿದ್ದು.

ಹೆಜ್ಜೆ 4: ಉಂಬಳ ಕಿತ್ತು ಹಾಕೋದು

ಎಷ್ಟು ಸಲ ನೋಡಿದ್ರೂ ಮರೀತಾನೇ ಇರೋ ಪದ ಕೆಲವು ಇರುತ್ತವೆ. ಎಂಟು ಸಲ ಮರೆತ್ರೆ ಆಂಕಿ ಅದಕ್ಕೆ ‘ಲೀಚ್’ ಅಂತ ಚೀಟಿ ಅಂಟಿಸುತ್ತೆ, ಲೀಚ್ ಅಂದ್ರೆ ಜಿಗಣೆ, ನಮ್ಮ ಮಲೆನಾಡಲ್ಲಿ ಉಂಬಳ. ಮಳೆಗಾಲದಲ್ಲಿ ತೋಟದಿಂದ ಬಂದೋರಿಗೆ ಗೊತ್ತು, ಉಂಬಳ ಹತ್ತಿದ್ರೆ ಎಳೆದಾಡಿ ಪ್ರಯೋಜನ ಇಲ್ಲ, ಸುಣ್ಣ ಹಚ್ಚಬೇಕು.

ನನಗೆ ಹತ್ತಿದ್ದು ಮೂರು ಒಟ್ಟಿಗೆ. ಕಿರ್ಷೆ, ಕ್ಯೂಷೆ, ಕೂಖೆನ್. ಚರ್ಚು, ಅಡುಗೆಮನೆ, ಕೇಕು. ಒಂದನ್ನ ನೋಡಿದ್ರೆ ಇನ್ನೆರಡು ಬಾಯಿಗೆ ಬರೋದು, ಅದೇ ಕಾರ್ಡನ್ನ ಮತ್ತೆ ಮತ್ತೆ ತಿರುವಿದ್ರೆ ಇನ್ನಷ್ಟು ಕಲಸುಮೇಲೋಗರ. ಕೊನೆಗೆ ಮೂರನ್ನೂ ತೆಗೆದುಹಾಕಿ ಕೂಖೆನ್ ಒಂದನ್ನೇ ವಾಪಸ್ ಹಾಕ್ದೆ, ಅದು ಗಟ್ಟಿಯಾದ ಎರಡು ವಾರದ ಮೇಲೆ ‘ಅಜ್ಜಿ ಅಡುಗೆಮನೇಲಿ ಕೇಕ್ ಬೇಯಿಸ್ತಾಳೆ’ ಅನ್ನೋ ವಾಕ್ಯ ಮಾಡಿ ಕ್ಯೂಷೆ ಸೇರಿಸ್ದೆ, ಚರ್ಚು ಕೊನೇಗೆ ಬಂತು. ಒಂದೇ ಥರ ಕೇಳಿಸೋ ಪದಗಳನ್ನ ಒಂದೇ ದಿನ ಸೇರಿಸಬಾರದಿತ್ತು, ತಪ್ಪು ಅಲ್ಲೇ ಆಗಿದ್ದು.

ಹೆಜ್ಜೆ 5: ರಾಶಿ ಬಿದ್ದಾಗ

ಹಬ್ಬ, ಜ್ವರ, ನೆಂಟರು, ಏನೋ ಒಂದು ಬಂದೇ ಬರುತ್ತೆ. ನಮ್ಮ ಮೇಲಿನ ಮನೆ ಹುಡುಗಿ ನರ್ಸಿಂಗ್ ಮುಗಿಸಿ ಜರ್ಮನಿಗೆ ಹೋಗೋ ತಯಾರೀಲಿದಾಳೆ, ಅವಳಿಗೆ ಬಿ2 ಬೇಕು, ನೈಟ್ ಡ್ಯೂಟಿ ಮಧ್ಯೆ ಓದ್ತಾಳೆ. ದೀಪಾವಳಿಗೆ ಊರಿಗೆ ಹೋಗಿ ಬಂದೋಳು ಮೆಟ್ಟಿಲ ಮೇಲೆ ಸಿಕ್ಕಿ ಫೋನ್ ಮುಂದೆ ಹಿಡಿದಳು.

‘ಅಣ್ಣ, 412 ಬಾಕಿ ಇದೆ. ಎಲ್ಲಾ ಅಳಿಸಿ ಹೊಸದಾಗಿ ಶುರು ಮಾಡ್ಲಾ?’

‘ಅಳಿಸ್ಬೇಡಮ್ಮ, ನಾನು ಅಳಿಸಿ ನಾಲ್ಕು ತಿಂಗಳು ಕಳ್ಕೊಂಡಿದೀನಿ. ಹೊಸ ಕಾರ್ಡು ಸೊನ್ನೆ ಮಾಡು, ದಿನಕ್ಕೆ 60 ಅಂತ ಮಿತಿ ಹಾಕು.’

‘ಅಷ್ಟರೊಳಗೆ ಉಳಿದಿದ್ದೆಲ್ಲಾ ಮರೆತೋಗಲ್ವಾ?’

‘ಕೆಲವು ಮರೆಯುತ್ತೆ. ಮರೆತಿದ್ದಕ್ಕೆ ಅಗೇನ್ ಒತ್ತು, ಅದಕ್ಕೇ ಅಲ್ವಾ ಆ ಬಟನ್ ಇರೋದು.’

ರಾಶಿ ಕರಗೋಕೆ ಹನ್ನೊಂದು ದಿನ ಹಿಡೀತಂತೆ. ಹನ್ನೆರಡನೇ ದಿನ ಹೊಸದು ಐದು ಹಾಕ್ಕೊಂಡಿದಾಳೆ, ಹತ್ತಲ್ಲ.