ಹಳೆ ಪ್ರಪಂಚ ನಕ್ಷೆ ತೆರೆದಾಗ ನಾನು ಮೊದಲು ತಪ್ಪು ಹುಡುಕುತ್ತೇನೆ

ಬೆಂಗಳೂರಿನಲ್ಲಿ ಜಿಐಎಸ್, ಅಂದರೆ ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ಕೆಲಸ ಮಾಡುತ್ತೇನೆ. ಹಗಲೆಲ್ಲ ಉಪಗ್ರಹದ ಚಿತ್ರ, ಸರ್ವೆ ನಂಬರು, ಜಮೀನಿನ ಗಡಿ. ರಾತ್ರಿ ಊಟ ಆದ ಮೇಲೆ ಹಳೆ ಪ್ರಪಂಚ ನಕ್ಷೆಗಳನ್ನು ತೆರೆದುಕೊಂಡು ಕೂರುತ್ತೇನೆ. ಅವು ಬಹಳ ಚಂದ ಇರುತ್ತವೆ. ಸಮುದ್ರದಲ್ಲಿ ತಿಮಿಂಗಿಲ, ಮೂಲೆಯಲ್ಲಿ ಕೆನ್ನೆ ಉಬ್ಬಿಸಿ ಗಾಳಿ ಊದುವ ಮುಖಗಳು, ಸುತ್ತಲೂ ಹೂಬಳ್ಳಿ. ಆ ಚಂದದಲ್ಲೇ ಕಣ್ಣು ನಿಂತುಬಿಟ್ಟರೆ ನಕ್ಷೆಯ ಒಳಗಿನ ಲೆಕ್ಕಾಚಾರ ಕಾಣುವುದಿಲ್ಲ. ಹಾಗಾಗಿ ಒಂದು ರೂಢಿ ಮಾಡಿಕೊಂಡಿದ್ದೇನೆ. ಮೊದಲು ತಪ್ಪು ಹುಡುಕುವುದು. ತಪ್ಪು ಎಲ್ಲಿದೆ, ಯಾವ ಕಡೆಗೆ ವಾಲಿದೆ, ಅದರಿಂದ ಯಾರಿಗೆ ಲಾಭ ಅಂತ ನೋಡುವುದು.

ಇದಕ್ಕೆ ದುಬಾರಿ ಸಲಕರಣೆ ಏನೂ ಬೇಡ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್, ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದ ಗ್ಯಾಲಿಕಾ, ಡೇವಿಡ್ ರಮ್ಸಿ ಸಂಗ್ರಹ, ಇವುಗಳಲ್ಲಿ ದೊಡ್ಡ ಗಾತ್ರದ ಸ್ಕ್ಯಾನ್‌ಗಳು ಸಿಗುತ್ತವೆ. ಅದನ್ನು ಕ್ಯೂಜಿಐಎಸ್‌ಗೆ ಹಾಕುತ್ತೇನೆ. ಅದು ಉಚಿತ ತಂತ್ರಾಂಶ. ಅದರಲ್ಲಿ ಜಿಯೋರೆಫರೆನ್ಸರ್ ಅಂತ ಒಂದು ಸಾಧನ ಇದೆ. ಹಳೆ ನಕ್ಷೆಯ ಮೇಲೆ ಒಂದು ಚುಕ್ಕೆ ಇಡಬೇಕು, ಅದೇ ಜಾಗವನ್ನು ಇವತ್ತಿನ ನಕ್ಷೆಯಲ್ಲಿ ತೋರಿಸಬೇಕು. ಗುಡ್ ಹೋಪ್ ಭೂಶಿರ, ಜಿಬ್ರಾಲ್ಟರ್, ಕಲ್ಲಿಕೋಟೆ, ಹೀಗೆ. ಹತ್ತಿಪ್ಪತ್ತು ಚುಕ್ಕೆ ಆದ ಮೇಲೆ ಪ್ರತಿಯೊಂದೂ ತನ್ನ ನಿಜವಾದ ಜಾಗದಿಂದ ಎಷ್ಟು ದೂರ ಸರಿದಿದೆ ಅಂತ ತಂತ್ರಾಂಶವೇ ಗೆರೆ ಎಳೆದು ತೋರಿಸುತ್ತದೆ. ಅಚ್ಚುಕಟ್ಟಾಗಿ ಕೂರಿಸಲು ಹೋಗಬೇಡಿ. ಆ ಸರಿದ ಗೆರೆಗಳೇ ನಮಗೆ ಬೇಕಾದದ್ದು.

ಗೆರೆಗಳನ್ನು ನೋಡುವಾಗ ಒಂದು ಮಾತು ನೆನಪಿಡಬೇಕು. ಅಕ್ಷಾಂಶದ ತಪ್ಪು ಬೇರೆ, ರೇಖಾಂಶದ ತಪ್ಪು ಬೇರೆ. ಸೂರ್ಯನದೋ ಧ್ರುವ ನಕ್ಷತ್ರದ್ದೋ ಎತ್ತರ ಅಳೆದು ಅಕ್ಷಾಂಶ ತಿಳಿಯುವುದು ನಾವಿಕರಿಗೆ ಗೊತ್ತಿತ್ತು. ಸಮುದ್ರದ ಮೇಲೆ ರೇಖಾಂಶ ತಿಳಿಯುವ ನಂಬಿಕಸ್ಥ ದಾರಿ ಮಾತ್ರ 18ನೇ ಶತಮಾನದವರೆಗೂ ಇರಲಿಲ್ಲ. ಜಾನ್ ಹ್ಯಾರಿಸನ್‌ನ ಗಡಿಯಾರ ಬಂದ ಮೇಲೆ ಅದು ಸಾಧ್ಯವಾಯಿತು. ಅಲ್ಲಿಯವರೆಗೆ ಉತ್ತರ ದಕ್ಷಿಣದಲ್ಲಿ ಊರನ್ನು ಸುಮ್ನೆ ಸರಿಸಿದರೆ ಯಾವ ನಾವಿಕನಾದರೂ ಹಿಡಿದುಬಿಡುತ್ತಿದ್ದ. ಪೂರ್ವ ಪಶ್ಚಿಮದಲ್ಲಿ ಸರಿಸಿದರೆ ಕೇಳುವವರಿರಲಿಲ್ಲ. ರಾಜರ ಆಸೆಗಳು ತೂರಿಕೊಂಡಿದ್ದು ಈ ಸಂದಿಯಲ್ಲೇ.

ಇದನ್ನು ನೋಡಲು ಕಾಂಟಿನೊ ನಕ್ಷೆಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. 1502ರಲ್ಲಿ ಲಿಸ್ಬನ್‌ನಲ್ಲಿ ತೊಗಲಿನ ಮೇಲೆ ಬರೆದದ್ದು. ಬರೆದವನ ಹೆಸರು ಗೊತ್ತಿಲ್ಲ. ತನ್ನ ಹಡಗುಗಳು ಕಂಡ ದಾರಿಯನ್ನು ಪೋರ್ಚುಗಲ್ ಗುಟ್ಟಾಗಿ ಇಟ್ಟುಕೊಂಡಿದ್ದ ಕಾಲ ಅದು. ಇಟಲಿಯ ಫೆರಾರಾದ ಡ್ಯೂಕನ ಕಡೆಯವನಾದ ಆಲ್ಬರ್ಟೊ ಕಾಂಟಿನೊ 12 ಚಿನ್ನದ ಡುಕಾಟ್ ಕೊಟ್ಟು ಇದನ್ನು ಗುಟ್ಟಾಗಿ ಸಾಗಿಸಿದ. ಮುಂದೆ ಮೊಡೆನಾದ ಅರಮನೆಯಿಂದ ಕಳುವಾಗಿ, 19ನೇ ಶತಮಾನದಲ್ಲಿ ಒಂದು ಮಾಂಸದಂಗಡಿಯಲ್ಲಿ ಪತ್ತೆಯಾಯಿತು. ಈಗ ಮೊಡೆನಾದ ಎಸ್ಟೆನ್ಸೆ ಗ್ರಂಥಾಲಯದಲ್ಲಿದೆ.

ಇದರ ಮೇಲೆ ಚುಕ್ಕೆ ಇಡುತ್ತಾ ಹೋದರೆ ಆಫ್ರಿಕಾದ ಕರಾವಳಿ ಇವತ್ತಿನ ಆಕಾರಕ್ಕೆ ಅಚ್ಚರಿಪಡುವಷ್ಟು ಹತ್ತಿರ ಬರುತ್ತದೆ. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದು ಆಗಿನ್ನೂ ನಾಲ್ಕೇ ವರ್ಷ. ಅಷ್ಟರಲ್ಲೇ ಭಾರತ ಮೂರು ಮೂಲೆಯ ಆಕಾರದಲ್ಲಿ ಸಮುದ್ರಕ್ಕೆ ಚಾಚಿ ನಿಂತಿದೆ. ಅದಕ್ಕೂ ಮುಂಚೆ ಯುರೋಪಿನವರ ಕೈಯಲ್ಲಿ ಇದ್ದದ್ದು ಪ್ರಾಚೀನ ಗ್ರೀಕ್ ಭೂಗೋಳಜ್ಞ ಟಾಲೆಮಿಯ ಲೆಕ್ಕ. ಅದರಲ್ಲಿ ನಮ್ಮ ಪರ್ಯಾಯ ದ್ವೀಪವೇ ಚಪ್ಪಟೆ, ಶ್ರೀಲಂಕಾ ವಿಪರೀತ ದೊಡ್ಡದು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ, ಹಡಗಿನ ಅನುಭವ ಏನು ಮಾಡಿತು ಅಂತ ಕಣ್ಣಿಗೇ ಕಾಣುತ್ತದೆ. ಈ ಜ್ಞಾನವನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ. ಅದು ನಿಜವಾದ ಜ್ಞಾನ, ಜೀವ ಪಣಕ್ಕಿಟ್ಟು ಗಳಿಸಿದ್ದು.

ಈಗ ಎಡಗಡೆಗೆ ಬನ್ನಿ. ಅಟ್ಲಾಂಟಿಕ್ ನಡುವೆ ಮೇಲಿಂದ ಕೆಳಗೆ ಒಂದು ದಪ್ಪ ಗೆರೆ ಇದೆ. ಅದು 1494ರ ತೋರ್ದೆಸಿಯಾಸ್ ಒಪ್ಪಂದದ ಗೆರೆ. ಕೇಪ್ ವರ್ಡ್ ದ್ವೀಪಗಳಿಂದ ಪಶ್ಚಿಮಕ್ಕೆ 370 ಲೀಗ್ (ದೂರದ ಹಳೆ ಅಳತೆ) ದೂರದಲ್ಲಿ ಗೆರೆ ಎಳೆದು, ಪೂರ್ವಕ್ಕೆ ಇರುವುದೆಲ್ಲ ಪೋರ್ಚುಗಲ್‌ಗೆ, ಪಶ್ಚಿಮಕ್ಕೆ ಇರುವುದೆಲ್ಲ ಸ್ಪೇನಿಗೆ ಅಂತ ಇಬ್ಬರೇ ಹಂಚಿಕೊಂಡರು. ಆ ನೆಲದಲ್ಲಿ ಬದುಕುತ್ತಿದ್ದವರನ್ನು ಒಂದು ಮಾತೂ ಕೇಳಲಿಲ್ಲ. ಈ ಗೆರೆಯ ಹತ್ತಿರ ಜೂಮ್ ಮಾಡಿ ಮೇಲಕ್ಕೆ ಹೋದರೆ ನ್ಯೂಫೌಂಡ್‌ಲ್ಯಾಂಡ್ ಕಾಣುತ್ತದೆ. ಅದರ ಕರಾವಳಿಯಲ್ಲಿ ಹಸಿರು ಮರಗಳು, ಪೋರ್ಚುಗಲ್ ಬಾವುಟ. ನಿಜಕ್ಕೂ ಆ ನೆಲ ಇರುವುದು ಗೆರೆಯ ಪಶ್ಚಿಮಕ್ಕೆ, ಅಂದರೆ ಸ್ಪೇನಿನ ಪಾಲಿಗೆ. ನಕ್ಷೆಯಲ್ಲಿ ಅದು ಗೆರೆಯ ಪೂರ್ವಕ್ಕೆ ಬಂದು ಕೂತಿದೆ. ಆಫ್ರಿಕಾವನ್ನು ಇಷ್ಟು ಚೆನ್ನಾಗಿ ಬರೆದ ಕೈ ಇಲ್ಲಿ ಮಾತ್ರ ಯಾಕೆ ಹೀಗೆ ಎಡವಿತು? ದಿಕ್ಸೂಚಿಯ ಮುಳ್ಳು ನಿಜವಾದ ಉತ್ತರದಿಂದ ಸ್ವಲ್ಪ ವಾಲುವುದೂ ಕಾರಣ ಇರಬಹುದು ಅಂತ ಹೇಳುವವರಿದ್ದಾರೆ, ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ತಪ್ಪು ದೊರೆಗೆ ಅನುಕೂಲವಾದ ಕಡೆಗೇ ವಾಲಿದೆ, ಮೇಲೆ ಬಾವುಟವೂ ನೆಟ್ಟಿದೆ.

ಇನ್ನೊಂದು ಜಾಗವನ್ನೂ ನಾನು ತಪ್ಪದೆ ನೋಡುತ್ತೇನೆ. ಕಲ್ಲಿಕೋಟೆಯ ಬಗ್ಗೆ ಒಂದು ಟಿಪ್ಪಣಿ ಇದೆ. ಇದು ಪೋರ್ಚುಗಲ್ ದೊರೆ ಮನುವೆಲ್ ಕಂಡುಹಿಡಿದ ನಗರ ಅಂತ ಹೇಳಿ, ಅಲ್ಲಿ ಸಿಗುವ ಮೆಣಸು, ದಾಲ್ಚಿನ್ನಿ, ಶುಂಠಿಯಂಥ ಸರಕಿನ ಪಟ್ಟಿ ಕೊಡುತ್ತದೆ. ಅರಬರು, ಗುಜರಾತಿಗಳು, ಚೀನೀಯರು ನೂರಾರು ವರ್ಷಗಳಿಂದ ವ್ಯಾಪಾರ ಮಾಡುತ್ತಿದ್ದ ಬಂದರು ಅದು.

ಇದೇ ಆಟವನ್ನು ಸ್ಪೇನ್ ಕೂಡ ಆಡಿತು. ಅಟ್ಲಾಂಟಿಕ್‌ನ ಗೆರೆಯನ್ನು ಭೂಮಿಯ ಆಚೆ ಬದಿಗೂ ಮುಂದುವರಿಸಿದರೆ, ಲವಂಗ ಬೆಳೆಯುವ ಮಲುಕು ದ್ವೀಪಗಳು (ಇವತ್ತಿನ ಇಂಡೋನೇಷ್ಯಾದಲ್ಲಿವೆ) ಯಾರ ಪಾಲಿಗೆ ಅಂತ ಜಗಳ ಬಂತು. ಡಿಯೋಗೊ ರಿಬೇರೊ ಅನ್ನುವ ಪೋರ್ಚುಗೀಸ್ ನಕ್ಷೆಗಾರ ಆಗ ಸ್ಪೇನ್ ದೊರೆಯ ಸಂಬಳದಲ್ಲಿದ್ದ. ಅವನು 1529ರಲ್ಲಿ ಬರೆದ ಪ್ರಪಂಚ ನಕ್ಷೆಯಲ್ಲಿ ಆ ದ್ವೀಪಗಳು ಸ್ಪೇನಿನ ಅರ್ಧದಲ್ಲಿ ಬಿದ್ದಿವೆ. ನಿಜಕ್ಕೂ ಅವು ಇದ್ದದ್ದು ಪೋರ್ಚುಗಲ್ ಅರ್ಧದಲ್ಲಿ. ಅದೇ ವರ್ಷ ಸಾರಗೋಸಾದಲ್ಲಿ ಒಪ್ಪಂದ ಆಯಿತು. ಸ್ಪೇನ್ ತನ್ನ ಹಕ್ಕನ್ನು ಪೋರ್ಚುಗಲ್‌ಗೆ 3,50,000 ಡುಕಾಟ್‌ಗೆ ಬಿಟ್ಟುಕೊಟ್ಟಿತು. ತನ್ನದಲ್ಲದ ದ್ವೀಪಕ್ಕೆ ಅಷ್ಟು ಹಣ!

ಎರಡನೆಯದಾಗಿ ನಾನು ನೋಡುವುದು ಹೆಸರುಗಳ ದಟ್ಟಣೆ. ಇದಕ್ಕೆ ತಂತ್ರಾಂಶವೂ ಬೇಡ. ಪ್ರಪಂಚ ನಕ್ಷೆಯಲ್ಲಿ ಜಾಗ ಸಾಲದಿದ್ದರೆ ಅದೇ ಕಾಲದ ಅಟ್ಲಾಸಿನ ಭಾರತದ ಹಾಳೆ ತೆಗೆಯಿರಿ. 16, 17ನೇ ಶತಮಾನದ ಯುರೋಪಿನ ಹಾಳೆಗಳಲ್ಲಿ ನಮ್ಮ ಕರಾವಳಿ ಕಿಕ್ಕಿರಿದಿರುತ್ತದೆ. ಓನೋರ್ ಅಂದರೆ ಹೊನ್ನಾವರ. ಬಟಿಕಾಲ ಅಂದರೆ ಭಟ್ಕಳ. ಬಾರ್ಸೆಲೋರ್ ನಮ್ಮ ಬಸ್ರೂರು. ಆಮೇಲೆ ಮಂಗಳೂರು. ಇವೆಲ್ಲ ಮೆಣಸು, ಅಕ್ಕಿ ಸಾಗುತ್ತಿದ್ದ, ವಿಜಯನಗರಕ್ಕೆ ಕುದುರೆ ಇಳಿಯುತ್ತಿದ್ದ ಬಂದರುಗಳು. 1568-69ರ ಹೊತ್ತಿಗೆ ಇವುಗಳಲ್ಲಿ ಮೂರು ಕಡೆ, ಮಂಗಳೂರು, ಹೊನ್ನಾವರ, ಬಸ್ರೂರಿನಲ್ಲಿ, ಪೋರ್ಚುಗೀಸರು ಕೋಟೆ ಕಟ್ಟಿದರು. ಘಟ್ಟ ಹತ್ತಿದ ಕೂಡಲೇ ಹೆಸರುಗಳು ವಿರಳವಾಗುತ್ತವೆ. ಬಿಸ್ನಗರ ಅಂತ ವಿಜಯನಗರಕ್ಕೆ ಒಂದು ಗೋಪುರದ ಗುರುತು, ರಾಜ್ಯಕ್ಕೆ ನರಸಿಂಗ ಅನ್ನುವ ಹೆಸರು. ಅದು ಸಾಳುವ ನರಸಿಂಹನಿಂದ ಬಂದದ್ದು. 1565ರಲ್ಲಿ ತಾಳಿಕೋಟೆ ಯುದ್ಧವಾಗಿ ಹಂಪಿ ಹಾಳಾದ ಮೇಲೂ ದಶಕಗಳ ಕಾಲ ಯುರೋಪಿನ ನಕ್ಷೆಗಳಲ್ಲಿ ಬಿಸ್ನಗರ ಹಾಗೇ ನಿಂತಿತ್ತು. ಬಂದರು ಬದಲಾದರೆ ವ್ಯಾಪಾರಿಗೆ ತಕ್ಷಣ ಗೊತ್ತಾಗಬೇಕು. ಒಳನಾಡಿನ ರಾಜಧಾನಿ ಬಿದ್ದರೆ ನಕ್ಷೆ ಅಚ್ಚು ಹಾಕುವವನಿಗೆ ಅಷ್ಟು ಅವಸರ ಇರಲಿಲ್ಲ.

ಕುಂದಾಪುರದ ಕಡೆಯ ಹೈಸ್ಕೂಲ್ ಮಕ್ಕಳಿಗೆ ಒಮ್ಮೆ ಇಂಥ ಹಾಳೆ ತೋರಿಸಿದ್ದೆ. ಬಸ್ರೂರು ಸಿಕ್ಕಿದ ಖುಷಿ ಇಳಿದ ಮೇಲೆ ಒಬ್ಬಳು ಕೇಳಿದಳು, "ಸರ್, ಹಾಗಾದ್ರೆ ಶಿವಮೊಗ್ಗ ಕಡೆ ಆಗ ಜನವೇ ಇರ್ಲಿಲ್ವಾ?" ಸರಿಯಾದ ಪ್ರಶ್ನೆ. ಜನ ಇದ್ದರು, ಊರಿತ್ತು, ಕೆರೆ ಇತ್ತು. ನಕ್ಷೆ ಬರೆಸಿದವನಿಗೆ ಅವು ಬೇಕಿರಲಿಲ್ಲ. ಬೇಕಾದ ಕಾಲವೂ ಬಂತು. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಮರುವರ್ಷವೇ ಈಸ್ಟ್ ಇಂಡಿಯಾ ಕಂಪನಿಗಾಗಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಆಧಾರ ರೇಖೆ, ಅಂದರೆ ಸರ್ವೆಯ ಲೆಕ್ಕಕ್ಕೆಲ್ಲ ಬುನಾದಿಯಾಗುವ ಗೆರೆ, ಅಳೆದ. ಕಾಲಿನ್ ಮೆಕೆಂಜಿ ಮೈಸೂರು ರಾಜ್ಯದ ಸರ್ವೆಗೆ ಇಳಿದು ಹಳ್ಳಿ, ಕೆರೆ, ಕೋಟೆ ಎಲ್ಲವನ್ನೂ ದಾಖಲು ಮಾಡಿಸಿದ. ಕಡಲ ವ್ಯಾಪಾರಕ್ಕೆ ಕರಾವಳಿ ಸಾಕಾಗಿತ್ತು. ಕಂದಾಯ ಎತ್ತಬೇಕಾದವನಿಗೆ ಹಳ್ಳಿ ಹಳ್ಳಿಯೂ ಬೇಕು.

16ನೇ ಶತಮಾನದ ನಕ್ಷೆಗಾರ ಮರ್ಕೇಟರ್ ಬಗ್ಗೆ ಒಂದು ಮಾತು, ಯಾಕೆಂದರೆ ಈ ವಿಷಯ ಬಂದಾಗೆಲ್ಲ ಅವನನ್ನೇ ಬಯ್ಯುತ್ತಾರೆ. ಅವನ 1569ರ ನಕ್ಷೆಯ ಪದ್ಧತಿಯಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ. ನಿಜದಲ್ಲಿ ಆಫ್ರಿಕಾ ಸುಮಾರು 14 ಪಟ್ಟು ದೊಡ್ಡದು. ಆದರೆ ಅವನು ಅದನ್ನು ಬರೆದದ್ದು ನಾವಿಕರಿಗೆ. ಒಂದೇ ದಿಕ್ಕು ಹಿಡಿದು ಸಾಗುವ ದಾರಿ ನೇರ ಗೆರೆಯಾಗಿ ಬರಬೇಕಿತ್ತು, ಅದಕ್ಕೆ ಧ್ರುವದ ಕಡೆ ಹಿಗ್ಗಿಸಿದ. ಅದನ್ನು ಶಾಲೆಯ ಗೋಡೆಗೆ, ಸಾಮ್ರಾಜ್ಯದ ಪೋಸ್ಟರಿಗೆ ತಂದವರು ಬೇರೆಯವರು. 1886ರಲ್ಲಿ ಲಂಡನ್ನಿನ ಗ್ರಾಫಿಕ್ ಪತ್ರಿಕೆ ವಾಲ್ಟರ್ ಕ್ರೇನ್ ಬರೆದ ಒಂದು ನಕ್ಷೆ ಅಚ್ಚು ಹಾಕಿತು. ಗ್ರೀನಿಚ್ ರೇಖೆ ನಡುವಿಗೆ, ಬ್ರಿಟಿಷರ ನೆಲವೆಲ್ಲ ಗುಲಾಬಿ ಬಣ್ಣ, ಕೆಳಗೆ ಭೂಗೋಳದ ಮೇಲೆ ಕೂತ ಬ್ರಿಟಾನಿಯಾ (ಬ್ರಿಟನ್ನನ್ನು ಹೆಣ್ಣಾಗಿ ತೋರಿಸುವ ರೂಪ), ಸುತ್ತ ಅವಳನ್ನು ನೋಡುತ್ತಾ ನಿಂತ ವಸಾಹತಿನ ಜನ. ಮರ್ಕೇಟರ್ ಪದ್ಧತಿಯಿಂದಾಗಿ ಕೆನಡಾ ಉಬ್ಬಿ ಆ ಗುಲಾಬಿಯೇ ಕಣ್ಣು ತುಂಬುತ್ತದೆ.

ಅಂಚಿನ ಚಿತ್ರಗಳನ್ನು ನಾನು ಕೊನೆಗೆ ಓದುತ್ತೇನೆ. ತಪ್ಪುಗಳ ಲೆಕ್ಕ ಮುಗಿದಿದ್ದರೆ ಅವು ಬೇಗ ಅರ್ಥವಾಗುತ್ತವೆ. ಬ್ರಿಟಿಷ್ ನಕ್ಷೆಗಾರ ಜೇಮ್ಸ್ ರೆನೆಲ್ 1782ರಲ್ಲಿ ತಂದ ಹಿಂದೂಸ್ತಾನದ ನಕ್ಷೆಯ ತಲೆಬರಹದ ಸುತ್ತ ಒಂದು ಚಿತ್ರ ಇದೆ. ಪಂಡಿತರು ತಲೆಬಾಗಿ ತಮ್ಮ ಗ್ರಂಥಗಳನ್ನು ಬ್ರಿಟಾನಿಯಾಗೆ ಒಪ್ಪಿಸುತ್ತಿದ್ದಾರೆ, ಅವಳು ಕಾಪಾಡುವವಳಂತೆ ಕೈಚಾಚಿದ್ದಾಳೆ. ಎಲ್ಲರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಸ್ವಲ್ಪ ಜೂಮ್ ಮಾಡಿ. ಅವಳ ಈಟಿ ಊರಿರುವುದು ಬಟ್ಟೆಯ ಗಂಟಿನ ಮೇಲೆ. ಸುತ್ತಲಿನ ಬಳ್ಳಿ ಅಫೀಮಿನ ಗಸಗಸೆ ಗಿಡದ್ದು.

ಯುರೋಪಿನವರು ಮಾತ್ರ ಹೀಗೆ ಮಾಡಿದರು ಅನ್ನುವುದು ಸರಿಯಲ್ಲ. ಇಟಲಿಯ ಪಾದ್ರಿ ಮತ್ತೆಯೊ ರಿಚಿ 1602ರಲ್ಲಿ ಚೀನಾದಲ್ಲಿ ಪ್ರಪಂಚ ನಕ್ಷೆ ತಂದಾಗ ಚೀನಾ ನಡುವಿನ ಹತ್ತಿರ ಬರುವಂತೆ ಕೂರಿಸಿದ. ಜಹಾಂಗೀರನ ಚಿತ್ರಕಾರ ಅಬುಲ್ ಹಸನ್ ಸುಮಾರು 1618ರಲ್ಲಿ ಬರೆದ ಚಿತ್ರದಲ್ಲಿ ಜಹಾಂಗೀರನೂ ಇರಾನಿನ ಷಾ ಅಬ್ಬಾಸನೂ ಭೂಗೋಳದ ಮೇಲೆ ನಿಂತು ಅಪ್ಪಿಕೊಂಡಿದ್ದಾರೆ. ಜಹಾಂಗೀರನ ಕಾಲ ಕೆಳಗೆ ಸಿಂಹ, ಷಾನ ಕೆಳಗೆ ಕುರಿ. ಆ ಸಿಂಹ ಇರಾನಿನ ನೆಲದ ಮೇಲೂ ಚಾಚಿದೆ. ಇಬ್ಬರೂ ಭೇಟಿಯಾಗಿದ್ದೇ ಇಲ್ಲ.

ಶುರು ಮಾಡುವವರಿಗೆ ನಾನು ಹೇಳುವುದು ಆಫ್ರಿಕಾದ ನಕ್ಷೆಗಳನ್ನು. ಇದೇ ರೆನೆಲ್ 1798ರಲ್ಲಿ, ಆಫ್ರಿಕಾ ಸುತ್ತಿ ಬಂದ ಸ್ಕಾಟ್ಲೆಂಡಿನ ಮುಂಗೊ ಪಾರ್ಕ್‌ನ ಪ್ರಯಾಣದ ವಿವರ ಓದಿ, ಪಶ್ಚಿಮ ಆಫ್ರಿಕಾದ ಉದ್ದಕ್ಕೂ ಕಾಂಗ್ ಅನ್ನುವ ಪರ್ವತ ಸಾಲು ಬರೆದ. ಅಂಥ ಪರ್ವತ ಅಲ್ಲಿ ಇಲ್ಲ. ಒಬ್ಬರದನ್ನು ಇನ್ನೊಬ್ಬರು ನಕಲು ಮಾಡುತ್ತಾ ಹೋದರು. ಸುಮಾರು 90 ವರ್ಷ ಅದು ಅಟ್ಲಾಸುಗಳಲ್ಲಿ ಇತ್ತು. 1850, 1870, 1890ರ ಒಂದೊಂದು ಹಾಳೆ ಇಳಿಸಿಕೊಂಡು ಸಾಲಾಗಿ ಇಡಿ. ಫ್ರೆಂಚ್ ಸೇನಾಧಿಕಾರಿ ಲೂಯಿ ಬಿಂಜರ್ ಆ ಪ್ರದೇಶದಲ್ಲೆಲ್ಲ ಓಡಾಡಿ, ಇಲ್ಲಿ ಪರ್ವತವೇ ಇಲ್ಲ ಅಂತ 1889ರಲ್ಲಿ ಪ್ಯಾರಿಸ್‌ನಲ್ಲಿ ಹೇಳಿದ. ಅವನು ಹೋಗಿದ್ದೂ ಆ ನೆಲವನ್ನು ಫ್ರಾನ್ಸಿನ ವಶಕ್ಕೆ ತರುವ ಕೆಲಸದ ಮೇಲೇ. ನಕ್ಷೆಯಿಂದ ಪರ್ವತ ಅಳಿಯುತ್ತಾ ಬಂದ ವರ್ಷಗಳಲ್ಲೇ ಅಲ್ಲಿ ಫ್ರೆಂಚ್ ವಸಾಹತಿನ ಗಡಿ ಮೂಡಿತು. ಐವರಿ ಕೋಸ್ಟ್‌ನ ಮೊದಲ ಗವರ್ನರ್ ಆಗಿ 1893ರಲ್ಲಿ ಬಂದವನೂ ಬಿಂಜರನೇ.